ಬಸವನಗುಡಿ ಏರಿನ ಎರಡು ನೀರು

ಜುಲೈ 13, 2025, ಭಾನುವಾರ

ಬೆಳಗ್ಗೆ ಎದ್ದಾಗಲೇ ಜಿಟಿಜಿಟಿ ಹಿಡಿದಿತ್ತು. ಆಷಾಢದ ಮಳೆ ಧೋ ಎಂದು ಸುರಿಯೋದಿಲ್ಲ, ಬಿಡೋದೂ ಇಲ್ಲ. "ಇವತ್ತೂ ಹೋಗ್ತೀಯೇನೇ?" ಅಂದರು ಅಮ್ಮ. ಹೋಗಲೇಬೇಕಿತ್ತು. ನೀರು ಎತ್ತ ಹರಿಯುತ್ತೆ ಅಂತ ನೋಡೋಕೆ ಮಳೆಯ ದಿನವೇ ಆಗಬೇಕು.

ಹನುಮಂತನಗರದಿಂದ ಗವಿಪುರದ ಇಳಿಜಾರಿಗೆ ಬಂದಾಗ ಎದೆ ಝಲ್ಲೆಂದಿತು. ಬ್ರೇಕ್ ಒತ್ತಿದರೂ ಸೈಕಲ್ ನಿಲ್ಲಲಿಲ್ಲ. ಕಾಲು ನೆಲಕ್ಕೆ ಊರಿ, ಚಪ್ಪಲಿ ಸವೆಸಿಕೊಂಡು ಹೇಗೋ ನಿಂತೆ. ಮೂಲೆಯ ಪಂಕ್ಚರ್ ಅಂಗಡಿಯ ಯಜಮಾನರು ಚಕ್ರ ಬಿಚ್ಚಿ, ಬ್ರೇಕ್ ರಬ್ಬರನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಪ್ಪು ರಬ್ಬರಿನೊಳಗೆ ಮರಳಿನ ಕಾಳು, ಪಕ್ಕದಲ್ಲಿ ರಿಮ್ಮಿನಿಂದ ಕೆರೆದು ಬಂದ ಅಲ್ಯೂಮಿನಿಯಂ ಚೂರು, ಸಾಸಿವೆಯಷ್ಟು, ಮಿಣಮಿಣ ಹೊಳೀತಿತ್ತು. ಪಿನ್ನಿನಿಂದ ಒಂದೊಂದನ್ನೇ ಕಿತ್ತರು. "ಮಳೇಲಿ ಒಂದೇ ಸಲ ಒತ್ತಬಾರದಮ್ಮ. ಮೊದಲು ಮೆಲ್ಲಗೆ ಹಿಡಿದು ರಿಮ್ಮಿನ ನೀರು ಒರೆಸ್ಕೋ, ಆಮೇಲೆ ಗಟ್ಟಿಯಾಗಿ ಹಿಡಿ. ಗಾಳೀನೂ ಸ್ವಲ್ಪ ಕಮ್ಮಿ ಇರಲಿ." ಇಷ್ಟು ವರ್ಷ ಸೈಕಲ್ ತುಳಿದರೂ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಕೆಂಪಾಂಬುಧಿ ಕೆರೆಯಿಂದ ಮತ್ತೆ ಮೇಲಕ್ಕೆ, ಬಸವನಗುಡಿಯ ಬಂಡೆಗುಡ್ಡ ಬ್ಯೂಗಲ್ ರಾಕ್ ಕಡೆಗೆ. ಬಸ್ಸಲ್ಲಿ ಕೂತಾಗ ಬೆಂಗಳೂರು ಸಪಾಟು ಅನಿಸುತ್ತೆ. ಪೆಡಲ್ ಮೇಲೆ ಕಾಲಿಟ್ಟರೆ ಗೊತ್ತು, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆ ಮೇಲೆ ಕೂತ ಊರಿದು. ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿ, ಮೂಗಿನ ತುದಿಯಿಂದ ಮಳೆನೀರು ತೊಟ್ಟಿಕ್ಕಿಸಿಕೊಂಡು ಹತ್ತಿದೆ.

ಮೇಲೆ ನಿಂತು ನೋಡಿದರೆ ಊರಿನ ಬೆನ್ನುಮೂಳೆ ಕಾಲ ಕೆಳಗೇ ಇದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ ಸೇರಿ, ಅರ್ಕಾವತಿಯಾಗಿ, ಸಂಗಮದಲ್ಲಿ ಕಾವೇರಿಗೆ. ವೃಷಭಾವತಿ ಹುಟ್ಟೋದು ಇಲ್ಲಿನ ಗುಡಿಯ ನಂದಿ, ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ನಮ್ಮ ಕಡೆಯ ನಂಬಿಕೆ. ಪೂರ್ವಕ್ಕೆ, ಲಾಲ್‌ಬಾಗ್ ಕಡೆ ಇಳಿದ ನೀರು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ಅಜ್ಜಿಯ ಕಾಲದಲ್ಲಿ ವೃಷಭಾವತಿಯ ನೀರನ್ನು ಬೊಗಸೆಯಲ್ಲಿ ಕುಡೀತಿದ್ದರಂತೆ. ಇವತ್ತು ಮೈಸೂರು ರಸ್ತೆ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ದಾಟೋ ಮೋರಿ ಅದು. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಈ ಏರಿನಲ್ಲಿ ನೀರು ಇನ್ನೂ ತಿಳಿಯಾಗೇ ಇದೆ, ನನ್ನ ಚಕ್ರದ ಪಕ್ಕದಲ್ಲೇ ಒಂದು ಹೊಂಗೆ ಎಲೆಯನ್ನು ತೇಲಿಸಿಕೊಂಡು ಹೋಯಿತು. ಅದು ಕೊಳೆಯಾಗೋದು ನಮ್ಮ ಮನೆಗಳನ್ನು ದಾಟಿದ ಮೇಲೆ.

ಗಾಂಧಿಬಜಾರಿನಲ್ಲಿ ಹೂವಿನವರು ಟಾರ್ಪಾಲಿನ ಕೆಳಗೆ ಮಲ್ಲಿಗೆ ಕಟ್ಟುತ್ತಿದ್ದರು. ಒಂದು ಮೊಳ ತಗೊಂಡು ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡೆ, ಅಮ್ಮನಿಗೆ.

ಮುಂದಿನ ಭಾನುವಾರ ಪೂರ್ವದ ನೀರಿನ ಹಿಂದೆ ಬೆಳ್ಳಂದೂರಿನವರೆಗೆ. ಅಷ್ಟರಲ್ಲಿ ಹೊಸ ಬ್ರೇಕ್ ರಬ್ಬರ್ ಹಾಕಿಸಬೇಕು.