ಖೋಲ್ ಕೇ ದೇಖಾ ಕ್ಯಾ?

"ಆಂಟಿ, ಬ್ಯಾಕಪ್ ತೋ ಲಿಯಾ. ಕಭೀ ಖೋಲ್ ಕೇ ದೇಖಾ ಕ್ಯಾ?"

ಬ್ಯಾಕಪ್ ಏನೋ ತೆಗೆದಿದ್ದೀರಿ, ಯಾವತ್ತಾದರೂ ತೆರೆದು ನೋಡಿದ್ದೀರಾ ಅಂತ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯ ಹುಡುಗ ಇದನ್ನು ಕೇಳಿದ್ದು ಮಂಗಳವಾರ. ಇವತ್ತು ಶುಕ್ರವಾರ. ಇನ್ನೂ ಕಿವಿಯಿಂದ ಹೋಗಿಲ್ಲ. ಅವನ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಡಾಕ್ಟರು "ರಾತ್ರಿ ಊಟ ಎಷ್ಟು ಗಂಟೆಗೆ?" ಅಂತಾರಲ್ಲ, ಹಾಗೆ ಕೇಳಿದ. ನಾನು "ಹಾಂ" ಅಂತ ಸುಳ್ಳು ಹೇಳಿದೆ.

ಡೊಂಬಿವಲಿಯ ಮನೆಯಲ್ಲೇ ಕೂತು ಕನ್ನಡ ಡಿಟಿಪಿ ಮಾಡುವವಳು ನಾನು. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ಸಂಘದ ಸ್ಮರಣ ಸಂಚಿಕೆ. ಹೋದ ವಾರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಾ ಎರಡು ದಿನ ನರಳಿ ಹೋಗಿಬಿಟ್ಟಿತು. ನಾನು ಹೆದರಲಿಲ್ಲ. ತಿಂಗಳ ಕೊನೆಗೆ ಬ್ಯಾಕಪ್ ತೆಗೆಯುವವಳಲ್ವಾ? ಏಕಾದಶಿ ತಪ್ಪಿದ್ದುಂಟು, ಅದು ತಪ್ಪಿದ್ದಿಲ್ಲ. ಹೊರಗಿನ ಡ್ರೈವಿನಲ್ಲಿ ಕೆಲಸದ ಫೋಲ್ಡರಿನ ಕಾಪಿ ಒಂದು, ಇಡೀ ಕಂಪ್ಯೂಟರಿನ ಇಮೇಜ್, ಅಂದರೆ ವಿಂಡೋಸ್ ಸಮೇತ ಎಲ್ಲದರ ಪಡಿಯಚ್ಚು, ಒಂದು. ಪಕ್ಕದ ಮನೆಯವರಿಗೂ ಈ ವಿಷಯದಲ್ಲಿ ಬುದ್ಧಿ ಹೇಳಿದ್ದೇನೆ.

ಹಾರ್ಡ್ ಡಿಸ್ಕಿನ ಬದಲಿಗೆ ಪುಣೆಯಲ್ಲಿರುವ ಮಗ 500 ಜಿಬಿಯ ಎಸ್‌ಎಸ್‌ಡಿ ಕಳಿಸಿದ. "ಹಳೆಯದರಲ್ಲಿ 160 ತುಂಬಿತ್ತು ಅಷ್ಟೇ ಅಮ್ಮ, ನಿಂಗೆ ಇದು ಜಾಸ್ತಿನೇ ಆಯ್ತು" ಅಂದ. ಇವನ ಲೆಕ್ಕ ಯಾವಾಗಲೂ ಸರಿ ಇರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಇಮೇಜನ್ನು ಹೊಸದಕ್ಕೆ ಇಳಿಸೋಣ ಅಂತ ರಿಸ್ಟೋರ್ ಒತ್ತಿದೆ. ಇದಕ್ಕೆ ಸಾಕಾಗುವ ಡಿಸ್ಕ್ ಸಿಗಲಿಲ್ಲ ಅಂತ ವಿಂಡೋಸ್ ಹೇಳಿತು. ಹಳೆಯದು 1 ಟಿಬಿ, ಹೊಸದು ಅದರ ಅರ್ಧ. ಸಾಮಾನು ಎಷ್ಟಿದೆ ಅಂತ ಅದು ಕೇಳುವುದೇ ಇಲ್ಲ, ಹಳೆ ಮನೆ ಎಷ್ಟು ದೊಡ್ಡದಿತ್ತು ಅಂತ ಕೇಳುತ್ತದೆ! 500 ಅಂತ ಬರೆದದ್ದು ಒಳಗೆ 465 ಅಂತ ತೋರಿಸುವ ಕಥೆ ಬೇರೆ. ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಡೊಂಬಿವಲಿಯಲ್ಲಿ ಫ್ಲ್ಯಾಟ್ ಕೊಂಡವರಿಗೆ ಇದೇನು ಹೊಸದಲ್ಲ. ಬಿಲ್ಟಪ್ ಬೇರೆ, ಕಾರ್ಪೆಟ್ ಬೇರೆ.

ಮಗನ ಮಾತು ಕಟ್ಟಿಕೊಂಡರೆ ಆಗುವುದಿಲ್ಲ ಅಂತ ಒಬ್ಬರಿಂದ 1 ಟಿಬಿ ಡಿಸ್ಕನ್ನೇ ಎರವಲು ತಂದೆ. ಈಗ ಇನ್ನೊಂದು ತಕರಾರು. ಪೆನ್ ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸುವುದಕ್ಕೆ ಎರಡು ದಾರಿಯಂತೆ, ಹಳೆಯ ಬಯಾಸ್, ಹೊಸ ಯುಇಎಫ್ಐ. ಇಮೇಜ್ ತೆಗೆದಿದ್ದು ಒಂದರಲ್ಲಿ, ನಾನು ಎಬ್ಬಿಸಿದ್ದು ಇನ್ನೊಂದರಲ್ಲಿ. ರಾತ್ರಿ ಒಂದೂವರೆಗೆ ಇದು ಗೊತ್ತಾಯಿತು. ಅಷ್ಟರಲ್ಲಿ ನನಗೆ ಸಾಕಾಗಿತ್ತು. ಎರವಲು ಡಿಸ್ಕ್ ಬಿಚ್ಚಿಟ್ಟೆ. ಮರುದಿನ ಹೊಸ ಡ್ರೈವಿಗೇ ವಿಂಡೋಸ್ ಹೊಸದಾಗಿ ಹಾಕಿ, ಕೆಲಸದ ಫೋಲ್ಡರ್ ಕಾಪಿ ಮಾಡಿಕೊಂಡೆ. ಒಂದು ಫೈಲೂ ಬಿಟ್ಟುಹೋಗಿರಲಿಲ್ಲ. ಚಹಾ ಮಾಡಿಕೊಂಡು ಬಂದು ಮೊದಲ ಫೈಲು ತೆರೆದೆ.

ಕನ್ನಡ ಅಂತ ಇರಬೇಕಾದ ಕಡೆ ಒಂದು ಪಿ, ತಲೆ ಮೇಲೆ ಗೆರೆ ಹೊತ್ತ ಎ, ಒಂದು ಪೌಂಡ್ ಚಿಹ್ನೆ.

ಈ ಕೆಲಸ ಮಾಡುವವರಿಗೆ ಗೊತ್ತಾಗಿರುತ್ತದೆ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ನಾವು ಪುಟ ಕಟ್ಟುವ ಪೇಜ್‌ಮೇಕರ್‌ಗೆ ಅದು ಅರ್ಥವಾಗುತ್ತಿರಲಿಲ್ಲ. ಹಾಗಾಗಿ ನಾವೆಲ್ಲ ಹಳೆ ಫಾಂಟುಗಳಲ್ಲೇ ಉಳಿದೆವು. ಅವುಗಳಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಕನ್ನಡದ ವೇಷ ಹಾಕುವುದು ಫಾಂಟು. ಅದು ಇರುವುದು ವಿಂಡೋಸಿನ ಫೋಲ್ಡರಿನಲ್ಲಿ, ನನ್ನ ಫೋಲ್ಡರಿನಲ್ಲಲ್ಲ. ನುಡಿ ಅನ್ನುವ ಕನ್ನಡ ತಂತ್ರಾಂಶವನ್ನು ಫಾಂಟುಗಳ ಸಮೇತ ಇಳಿಸಿಕೊಂಡೆ, ಸ್ಮರಣ ಸಂಚಿಕೆಗಳೆಲ್ಲ ಸರಿಹೋದವು. ಒಂದು ಫೈಲು ಮಾತ್ರ ಸರಿಹೋಗಲಿಲ್ಲ. ಅದರಲ್ಲಿ ಕಾಣುತ್ತಿದ್ದುದು ಕನ್ನಡ ಅಕ್ಷರಗಳೇ, ಆದರೆ ಒಂದು ಪದಕ್ಕೂ ಅರ್ಥವಿಲ್ಲ. ಅದು ಬೇರೆ ಯಾವುದೋ ಫಾಂಟು. ಅದರ ಸಿ.ಡಿ. ಮನೆ ಬದಲಿಸುವಾಗ ಎಲ್ಲಿ ಹೋಯಿತೋ.

ಅದು ಮಾವನ ಫೈಲು. 2009ರಲ್ಲಿ ಅವರು ಹೇಳುತ್ತಾ ಹೋಗಿ ನಾನು ಟೈಪ್ ಮಾಡಿದ್ದು, 42 ಪುಟ. ಹನ್ನೆರಡು ವರ್ಷಕ್ಕೆ ಊರು ಬಿಟ್ಟು ಫೋರ್ಟಿನ ಹೋಟೆಲಿಗೆ ಸೇರಿದ್ದು, ಹಗಲು ಕಪ್ಪುಬಸಿ ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿದ್ದು, ಎಲ್ಲ. ಮುಂಬಯಿಯಲ್ಲಿ ಎಷ್ಟೋ ಹೋಟೆಲ್ ಹುಡುಗರು ಓದಿದ್ದು ಹಾಗೆಯೇ. ಸಂಘದ ಕಾರ್ಯದರ್ಶಿಗಳು ಈ ಸಲದ ಸಂಚಿಕೆಗೆ ಅದರಿಂದ ನಾಲ್ಕು ಪುಟ ಕೇಳಿದ್ದರು. ಒಳ್ಳೆಯ ಮನುಷ್ಯ, ಆದರೆ ನೂರು ಸಲ ಫೋನ್ ಮಾಡುತ್ತಾರೆ, ಪ್ರತಿ ವರ್ಷ ಅಧ್ಯಕ್ಷರ ಫೋಟೋ ಒಂದಿಂಚು ದೊಡ್ಡದಾಗಬೇಕು.

"ಪ್ರಿಂಟ್ ತೆಗೆದಿಡಬೇಕಿತ್ತು" ಅಂದರು ಇವರು. ತಮ್ಮ ಅಪ್ಪನ ಕಥೆ. ಹದಿನೈದು ವರ್ಷದಲ್ಲಿ ಒಂದು ದಿನ "ಎಲ್ಲಿದೆ ಅದು?" ಅಂತ ಕೇಳಿದವರಲ್ಲ.

ಹಾಗೆ ಮಂಗಳವಾರ ಬ್ಯಾಕಪ್ ಇದ್ದ ಹೊರಗಿನ ಡ್ರೈವನ್ನು ಟವೆಲಿನಲ್ಲಿ ಸುತ್ತಿ, ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದೆ. ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತಿದೆ, ಬಾಯಲ್ಲಿ ಎಲ್ಲರಿಗೂ ಲ್ಯಾಮಿಂಗ್ಟನ್ ರೋಡೇ. ಮೂರು ಅಂಗಡಿಯವರು "ಫಾರ್ಮ್ಯಾಟ್ ಮಾರ್ ದೋ" ಅಂದರು, ಎಲ್ಲ ಅಳಿಸಿಬಿಡಿ ಅಂತ. ನಾಲ್ಕನೆಯವನು ಈ ಹುಡುಗ. ನನ್ನ ಪುರಾಣ ಪೂರ್ತಿ ಕೇಳಿದ. ಆಮೇಲೆ ಆ ಪ್ರಶ್ನೆ.

ಖೋಲ್ ಕೇ ದೇಖಾ ಕ್ಯಾ?

ಇಮೇಜ್ ಇದ್ದ ಫೋಲ್ಡರಿನ ಒಳಗೆ ಹೋಗಿ ಒಂದು ದೊಡ್ಡ ವಿಎಚ್‌ಡಿಎಕ್ಸ್ ಫೈಲನ್ನು ಒತ್ತಿದ. ಸತ್ತುಹೋದ ನನ್ನ ಸಿ ಡ್ರೈವು ಅವನ ಕಂಪ್ಯೂಟರಿನಲ್ಲಿ ಇನ್ನೊಂದು ಡ್ರೈವಾಗಿ ಎದ್ದು ಕೂತಿತು. ರಿಸ್ಟೋರ್ ಆಗದಿದ್ದರೂ ಒಳಗೆ ಹೊಕ್ಕು ಬೇಕಾದ್ದು ತೆಗೆಯಬಹುದಂತೆ. ಎರಡು ರಾತ್ರಿ ನಿದ್ದೆ ಕೆಟ್ಟಿದ್ದೆ, ಯಾರೂ ಇದನ್ನು ಹೇಳಿರಲಿಲ್ಲ! ಮಗನಂತೂ "ಕ್ಲೌಡ್‌ಗೆ ಹಾಕು ಅಂದಿದ್ದೆ" ಅನ್ನುವುದನ್ನು ಬಿಟ್ಟು ಬೇರೆ ಹೇಳಲಿಲ್ಲ. ಅಂಗಡಿಯ ಹುಡುಗ ಫಾಂಟುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಟ್ಟ. ಹತ್ತು ನಿಮಿಷ, ಇನ್ನೂರು ರೂಪಾಯಿ.

ವಾಪಸ್ ಬರುವಾಗ ಲೇಡೀಸ್ ಡಬ್ಬಿಯಲ್ಲಿ ಠಾಣೆ ತನಕ ನಿಂತೇ ಬಂದೆ. ತಲೆಯಲ್ಲಿ ಅದೇ ಮಾತು. ಮಾವನ ಫೈಲನ್ನು ಸಿ.ಡಿ.ಯಿಂದ ಪೆನ್ ಡ್ರೈವಿಗೆ, ಅಲ್ಲಿಂದ ಹೊರಗಿನ ಡ್ರೈವಿಗೆ, ಎಷ್ಟು ಸಲ ಸಾಗಿಸಿಲ್ಲ ನಾನು. ಅವರು ಹೋದ ಮೇಲೆ ಒಂದು ಸಲವೂ ಓದಿಲ್ಲ. ಇದೆ ಅನ್ನುವುದೇ ಸಾಕಾಗಿತ್ತು. ಬ್ರಹ್ಮಾವರದ ಹತ್ತಿರದ ನಮ್ಮ ಮನೆಯ ಬೀಗದ ಕೈಯೂ ಹೀಗೆಯೇ ದೇವರ ಗೂಡಿನಲ್ಲಿದೆ. ದೀಪ ಹಚ್ಚುವಾಗ ದಿನಾ ಕಾಣುತ್ತದೆ. ಹೋದ ವರ್ಷ ಹೋದಾಗ ಆ ಕೈ ತಿರುಗಲೇ ಇಲ್ಲ, ಬೀಗಕ್ಕೆ ತುಕ್ಕು. ಗರಗಸದವನನ್ನು ಕರೆಸಿ ಕತ್ತರಿಸಿದ್ದಾಯಿತು. ಹೊಸ ಬೀಗ ಹಾಕಿ ಬಂದೆವು. ಹಳೆ ಕೈಯನ್ನು ಮಾತ್ರ ಗೂಡಿನಿಂದ ತೆಗೆದಿಲ್ಲ. ಯಾಕೆ ಅಂತ ಕೇಳಬೇಡಿ.

ಮನೆಗೆ ಬಂದು ಫಾಂಟು ಹಾಕಿ ಫೈಲು ತೆರೆದೆ. ಅಕ್ಷರಗಳು ಬಂದವು. ನಾಲ್ಕು ಪುಟ ಆರಿಸಿ ಏಳೋಣ ಅಂತ ಕೂತವಳು 42 ಪುಟವನ್ನೂ ಓದಿದೆ. ಹತ್ತೊಂಬತ್ತನೇ ಪುಟದಲ್ಲಿ ಹೋಟೆಲ್ ಮಾಲೀಕರ ಬಗ್ಗೆ ಒಂದು ಸಾಲು, ಅದರ ಹಿಂದೆಯೇ ಒಂದು ಮಾತು. ಅವರು ಹೇಳಿದ್ದನ್ನು ಯೋಚಿಸದೆ ಟೈಪ್ ಮಾಡುತ್ತಾ ಹೋಗಿದ್ದೆ ಅಂತ ಕಾಣುತ್ತದೆ.

"ಇಲ್ಲಿಗ್ ನಿಲ್ಸ್ ಮಗಾ, ಚಾ ಕುಡಿಯುವ."

ಇವರನ್ನು ಕರೆದು ತೋರಿಸಿದೆ. ಓದಿ ನಕ್ಕರು. ಇನ್ನೊಂದು ಸಲ ಓದಿದರು. "ಅದನ್ನ ಅಳಿಸ್ಬೇಡ" ಅಂದರು.

ಸಂಘಕ್ಕೆ ಇನ್ನೂ ಕಳಿಸಿಲ್ಲ. ಕಾರ್ಯದರ್ಶಿಗಳ ಐದು ಮಿಸ್ಡ್ ಕಾಲ್ ಇವೆ.