ಹಾಕಲ್ಲ, ಹಾಕಿಲ್ಲ

ಕಳೆದ ಭಾನುವಾರ ಬೆಳಗ್ಗೆ ಎಂಟರ ಸುಮಾರಿಗೆ, ಮಾರಿಕಣಿವೆಯ ಗುಡ್ಡವೊಂದರಿಂದ ಓಡುತ್ತಾ ಇಳಿದು ಬರುತ್ತಿದ್ದಾಗ, ಎಪ್ಪತ್ತು ದಾಟಿರಬಹುದಾದ ಕುರಿಗಾಹಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಒಂದು ಮಾತು ಹೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರ ಈ ವಾರವೆಲ್ಲಾ, ಚಿತ್ರದುರ್ಗದ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸುವಾಗಲೂ, ಕಿವಿ ಬಿಟ್ಟು ಹೋಗಿಲ್ಲ.

"ಈ ದಾರೀನ ಪೋನಿಗೆ ಹಾಕ್‌ಬ್ಯಾಡಿ ಸ್ವಾಮಿ."

"ಇಲ್ಲ ಯಜಮಾನ್ರೇ, ಹಾಕಲ್ಲ."

ಅಷ್ಟೇ. ಅವರು ತಲೆಯಾಡಿಸಿದರು, ನಾನು ಇಳಿದು ಬಂದೆ.

ಗುಡ್ಡದ ಓಟದ ಹುಚ್ಚು ನನಗೆ ಹಿಡಿದದ್ದು ನಲವತ್ತರ ನಂತರ. ವಾರದ ದಿನಗಳಲ್ಲಿ ಚಂದ್ರವಳ್ಳಿಯ ಕಡೆ ಓಡುತ್ತೇನೆ, ರಜೆ ಇದ್ದರೆ ಆಡುಮಲ್ಲೇಶ್ವರ ದಾಟಿ ಜೋಗಿಮಟ್ಟಿಯ ರಸ್ತೆ ಹತ್ತುತ್ತೇನೆ. ಜೋಗಿಮಟ್ಟಿಯಲ್ಲಿ ಕರಡಿಗಳಿವೆ, ಚಿರತೆಗಳಿವೆ. ಬೆಳಕು ಹರಿಯುವ ಮುನ್ನ ಅಲ್ಲಿಗೆ ಹೋಗುವುದನ್ನು ಧೈರ್ಯ ಎನ್ನುವವರನ್ನು ನಾನು ದೂರವೇ ಇಟ್ಟಿದ್ದೇನೆ. ದುರ್ಗದ ಬಂಡೆ ಕಣಶಿಲೆ, ಶೂ ಇಟ್ಟಲ್ಲಿ ಕಚ್ಚಿ ಹಿಡಿಯುತ್ತದೆ. ಮಾರಿಕಣಿವೆಯ ನೆಲ ಹಾಗಲ್ಲ. ಅಲ್ಲಿನದು ಪದರು ಪದರಾಗಿ ಒಡೆಯುವ ಹಳೆಯ ಶಿಲೆ. ಇಳಿಜಾರಿನಲ್ಲಿ ಅದರ ಚಕ್ಕೆಗಳು ಕಾಲ ಕೆಳಗಿಂದ ಜಾರಿ ಓಡುತ್ತವೆ. ಅಲ್ಲಿ ಇಳಿಯುವವನು ಉದ್ದ ಹೆಜ್ಜೆ ಹಾಕಿದನೋ, ಕೆಟ್ಟ. ಚಿಕ್ಕ ಚಿಕ್ಕ ಹೆಜ್ಜೆ, ಮಂಡಿ ತುಸು ಬಾಗಿರಬೇಕು, ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಹೆಜ್ಜೆ ಮುಂದೆ ಇರಬೇಕು. ಏರಿನಲ್ಲಿ ಓಡಲೇಬೇಕೆಂಬ ಹಟವೂ ಸಲ್ಲದು. ತೊಡೆಯ ಮೇಲೆ ಕೈಯೂರಿ ನಡೆಯುವುದೇ ಅಲ್ಲಿ ಜಾಣತನ.

ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಬಯಲುಸೀಮೆಯನ್ನು ಹಾದು ಬಂದು, ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ನುಸುಳುವ ಜಾಗವೇ ಮಾರಿಕಣಿವೆ. ಆ ಸಂದಿಗೆ ಅಡ್ಡಲಾಗಿ ಕಟ್ಟಿದ್ದೇ ವಾಣಿವಿಲಾಸ ಸಾಗರ. ನನ್ನ ಜೊತೆಗೆ ಬಂದಿದ್ದ ಹುಡುಗ, ಸಹೋದ್ಯೋಗಿಯ ಮಗ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು, ಇದನ್ನು ವಿಶ್ವೇಶ್ವರಯ್ಯನವರು ಕಟ್ಟಿಸಿದ್ದೆಂದು ಕಾರಿನಲ್ಲಿ ಖಂಡಿತವಾಗಿ ಹೇಳಿದ. ಅಣೆಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು, ಅವರು ಮೈಸೂರಿನ ಸೇವೆಗೆ ಬಂದದ್ದು 1909ರಲ್ಲಿ ಎಂದರೆ, "ಇರಬಹುದು ಅಂಕಲ್" ಎಂದು ಗಡಿಯಾರ ಒತ್ತತೊಡಗಿದ. ಒಳ್ಳೆಯ ಹುಡುಗ; ಆದರೆ ಅವನಿಗೆ ಪರದೆಯ ಮೇಲೆ ಮೂಡದ ಯಾವುದೂ ನಡೆದದ್ದಲ್ಲ.

ನಾವು ಓಡುವ ಸುತ್ತು 14 ಕಿಲೋಮೀಟರ್. ಮೊದಲು ನಾಲೆಯ ಏರಿ, ಆಮೇಲೆ ತೋಟಗಳ ಬೇಲಿಯಂಚು, ಅಲ್ಲಿಂದ ಗೋಮಾಳ, ಗೋಮಾಳದಾಚೆ ಕುರುಚಲು ಕಾಡಿನ ಮಗ್ಗುಲು. ಮಳೆಗಾಲ ಮುಗಿಯುವ ಈ ಹೊತ್ತಿನಲ್ಲಿ ಸೀತಾಫಲದ ಗಿಡಗಳಲ್ಲಿ ಕಾಯಿ ಕಣ್ಣು ಬಿಡುತ್ತಿರುತ್ತವೆ, ಎದೆಯೆತ್ತರದ ಹುಲ್ಲು ತೊಡೆಯನ್ನು ಗೀರುತ್ತದೆ, ಲಂಟಾನದ ಕಮಟು ವಾಸನೆ ಬೆವರಿನೊಡನೆ ಸೇರಿ ಮನೆಯವರೆಗೂ ಬರುತ್ತದೆ. ನೆತ್ತಿಗೆ ಹತ್ತಿದರೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ತೆಂಗು ಅಡಿಕೆಯ ಹಸಿರು ಪಟ್ಟಿ. ಮೇಲಿನಿಂದ ಜಲಾಶಯ ಭಾರತದ ನಕ್ಷೆಯಂತೆ ಕಾಣುತ್ತದೆಂದು ಎಲ್ಲರೂ ಹೇಳುತ್ತಾರೆ. ನಾನು ಎಷ್ಟೋ ಸಲ ನೋಡಿದ್ದೇನೆ, ನನಗೆ ನೀರೇ ಕಂಡಿದೆ.

ಆದರೆ ಈ ಸುತ್ತಿನ ನಿಜವಾದ ಸೊಗಸು ಇರುವುದು ನೆತ್ತಿಯಲ್ಲಲ್ಲ, ಇಳಿಯುವ ದಾರಿಯಲ್ಲಿ. ಒಂಬತ್ತನೆಯ ಕಿಲೋಮೀಟರಿನಿಂದ ಸಣ್ಣದೊಂದು ಕಾಲುದಾರಿ ಗುಡ್ಡದ ಮೈಯನ್ನು ಓರೆಯಾಗಿ ಸವರುತ್ತಾ, ಹತ್ತಿಪ್ಪತ್ತು ಮಾರಿಗೊಮ್ಮೆ ತಿರುಗುತ್ತಾ, ಎಲ್ಲಿಯೂ ಮಂಡಿಗೆ ಭಾರ ಬೀಳದಂತೆ ಕೆಳಕ್ಕೆ ಕರೆದೊಯ್ಯುತ್ತದೆ. ಮೊದಲ ಸಲ ಇಳಿದಾಗ ಇದನ್ನು ಯಾರೋ ಬಲ್ಲವರು ಲೆಕ್ಕ ಹಾಕಿ ಕಡಿದಿರಬೇಕು ಎಂದುಕೊಂಡಿದ್ದೆ. ಬಲ್ಲವರೇ ಹೌದು: ಕುರಿಗಳು. ಕುರಿ ನೇರ ಇಳಿಯುವುದಿಲ್ಲ, ಓರೆಯಾಗಿಯೇ ಇಳಿಯುತ್ತದೆ. ಮೂವತ್ತು ನಲವತ್ತು ವರ್ಷ ಅವುಗಳ ಗೊರಸು ತುಳಿದು ತುಳಿದು ಗಟ್ಟಿಯಾದ ಆ ಪಟ್ಟಿಯ ಮೇಲೆ ಮಳೆನೀರು ಕೂಡ ಕೊರೆಯುವುದಿಲ್ಲ. ಆತುರದವರು ತಿರುವು ಬಿಟ್ಟು ನೇರ ಹಾರಿ ಇಳಿದರೆ ಆ ಗೀರಿನಲ್ಲಿ ಮುಂದಿನ ಮಳೆಗೆ ನೀರು ನುಗ್ಗುತ್ತದೆ, ಎರಡು ಮಳೆಗಾಲದಲ್ಲಿ ಅದು ಕೊರಕಲಾಗುತ್ತದೆ.

ಆ ಹಿರಿಯರು ಸಿಕ್ಕಿದ್ದು ಅಂಥದೊಂದು ತಿರುವಿನಲ್ಲಿ. ಹೆಗಲ ಮೇಲೆ ಕಂಬಳಿ, ಮಡಿಲಲ್ಲಿ ಒಂದು ಕುರಿಯ ಮುಂಗಾಲು. ಗೊರಸಿನ ಎರಡು ಸೀಳಿನ ನಡುವೆ ಗಾಯ ಬಾಯಿ ಬಿಟ್ಟಿತ್ತು. ಅದಕ್ಕೆ ಅರಿಸಿನ ಮೆತ್ತಿ, ಹಳೆಯ ಪಂಚೆಯ ತುಂಡನ್ನು ಸುತ್ತಿ, ಹಲ್ಲಿನಿಂದ ದಾರ ಎಳೆದು ಗಂಟು ಹಾಕುತ್ತಿದ್ದರು. ಕುರಿ ಅರಚಲಿಲ್ಲ, ಕಿವಿಯನ್ನಷ್ಟೇ ಬಡಿಯಿತು. ನಾನು ನಿಂತು ಏನಾಯಿತೆಂದು ಕೇಳಿದೆ.

"ಗಾಜು ಸ್ವಾಮಿ. ಕೋಡಿ ಬಿದ್ ವರ್ಷ ಜನ ಬಂದ್ರಲ್ಲ, ಅವಾಗ್ಲಿಂದ ಆ ಕಡೆ ಗುಡ್ಡ ಬಿಟ್ವಿ. ಇದೊಂದು ಉಳ್ಕಂಡಿತ್ತು. ಈಗ ಹದ್ನೈದು ದಿನ ಆತು, ಇಲ್ಲೂ ಸುರುವಾಗೈತೆ."

1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ 89 ವರ್ಷ ಕಾಯಿಸಿ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಹರಿದಾಗ, ನೋಡಲು ಜನ ಜಾತ್ರೆಯಂತೆ ಸೇರಿದ್ದರು. ನಾನೂ ಹೆಂಡತಿ ಮಕ್ಕಳೊಡನೆ ಹೋಗಿ ಕಣ್ತುಂಬಿಕೊಂಡು ಬಂದವನೇ. ಹೀಗಾಗಿ ಜನ ಬರುವುದೇ ತಪ್ಪೇ ಎಂದು ಕೇಳಿದೆ. ಸ್ವಲ್ಪ ವಕೀಲಿಕೆಯ ದನಿಯಲ್ಲೇ ಕೇಳಿರಬೇಕು.

"ಮನ್ಸ ಬಂದ್ರೆ ಏನಿಲ್ಲ ಸ್ವಾಮಿ, ಮನ್ಸನ್ ಹಿಂದೆ ಬಾಟ್ಲಿ ಬತ್ತೈತೆ" ಎಂದು, ಕುರಿಯ ಕಾಲನ್ನು ನೆಲಕ್ಕೆ ಬಿಟ್ಟು, ನನ್ನ ಕೈಗಡಿಯಾರದ ಕಡೆ ಗದ್ದ ತೋರಿಸಿ ಅವರು ಆ ಮಾತು ಹೇಳಿದ್ದು. ಈ ದಾರಿಯನ್ನು ಫೋನಿಗೆ ಹಾಕಬೇಡಿ. ಹಾಕಲ್ಲ ಎಂದೆ.

ನಾನು ಅದನ್ನು ಹಾಕಿ ಆಗಲೇ ಒಂದು ತಿಂಗಳಾಗಿತ್ತು. ಓಟಗಾರರು ದಾರಿಗಳನ್ನು ಹಂಚಿಕೊಳ್ಳುವ ಆಪ್‌ನಲ್ಲಿ, 'ವೇದಾವತಿ ಕಣಿವೆ ಸುತ್ತು' ಎಂಬ ಹೆಸರಿಟ್ಟು, ಎಲ್ಲಿ ತಿರುಗಬೇಕು, ಎಲ್ಲಿ ನೀರು ಸಿಗುತ್ತದೆ ಎಂಬುದನ್ನೆಲ್ಲಾ ಗುರುತು ಹಾಕಿ, ಫೋಟೋ ಸಮೇತ ಹಾಕಿದ್ದೆ. ಬಯಲುಸೀಮೆಯೆಂದರೆ ಜಾಲಿ ಮುಳ್ಳು, ಬಿಸಿಲು ಅಷ್ಟೇ ಎಂದು ಮಲೆನಾಡಿನವರು ಮೂಗು ಮುರಿಯುತ್ತಾರಲ್ಲ, ಅವರಿಗೊಂದು ಉತ್ತರ ಎಂಬ ಹೆಮ್ಮೆಯೂ ಇತ್ತು.

ಕನ್ನಡದಲ್ಲಿ 'ಹಾಕಲ್ಲ' ಎಂಬುದಕ್ಕೂ 'ಹಾಕಿಲ್ಲ' ಎಂಬುದಕ್ಕೂ ನಡುವೆ ಇರುವುದು ಒಂದು ಗುಡಿಸು. ಹಾಕಲ್ಲ ಎಂದರೆ ಮುಂದಿನದು, ಹಾಕಿಲ್ಲ ಎಂದರೆ ಹಿಂದಿನದು. ಅವರು ಕೇಳಿದ್ದು ಮುಂದಿನದನ್ನೇ, ನಾನು ಹೇಳಿದ್ದೂ ಮುಂದಿನದನ್ನೇ. ವ್ಯಾಕರಣದ ಪ್ರಕಾರ ನಾನು ಸುಳ್ಳಾಡಿಲ್ಲ. ಈ ಸಮಾಧಾನವನ್ನು ಭಾನುವಾರ ರಾತ್ರಿ ಒಮ್ಮೆ, ಮಂಗಳವಾರ ಒಮ್ಮೆ ಹೇಳಿಕೊಂಡು ನೋಡಿದೆ. ಒಂದು ತಿಂಗಳು ಮತ್ತು ಹದಿನೈದು ದಿನ ಎಂಬ ಎರಡು ಲೆಕ್ಕಗಳು ಪಕ್ಕಪಕ್ಕದಲ್ಲಿ ಬಂದು ಕುಳಿತುಕೊಳ್ಳುತ್ತವೆ. ಬಾಟಲಿ ಒಡೆದವರು ನನ್ನ ನಕ್ಷೆ ಹಿಡಿದೇ ಬಂದರೆಂಬುದಕ್ಕೆ ಸಾಕ್ಷಿಯಿಲ್ಲ. ಬಂದಿಲ್ಲವೆಂಬುದಕ್ಕೂ ಇಲ್ಲ.

ಹಿಂತಿರುಗುವಾಗ ಕಾರಿನಲ್ಲಿ ಹುಡುಗ, "ದಾರಿ ಯಾರಪ್ಪನದು ಅಂಕಲ್? ಗೋಮಾಳ ಅಲ್ವಾ?" ಎಂದ. ಗೋಮಾಳವೇ, ಊರಿನ ದನ ಕುರಿ ಮೇಯಲೆಂದು ಬಿಟ್ಟ ಜಾಗ. ಆ ಹೆಸರಿನಲ್ಲಿ ನಾನಾಗಲಿ ಅವನಾಗಲಿ ಎಲ್ಲಿಯೂ ಇಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ, ಆ ಹೊತ್ತಿಗೆ ನನಗೂ ಹೊಳೆದಿರಲಿಲ್ಲ. ಸುಂದರ ದಾರಿ ಎಂದು ನಾವು ಪಟ್ಟಿ ಮಾಡುವ ದಾರಿಗಳೆಲ್ಲಾ ಯಾರದೋ ಕೆಲಸದ ದಾರಿಗಳು: ಸೌದೆಗೆ, ಸೊಪ್ಪಿಗೆ, ನೀರಿಗೆ, ಮೇವಿಗೆ, ಗುಡ್ಡದ ದೇವರಿಗೆ. ನಾವು ಅದರ ಮೇಲೊಂದು ಗೆರೆ ಎಳೆದು ಹೆಸರಿಟ್ಟ ಕೂಡಲೇ, ಅದನ್ನು ಮಾಡಿದವರು ನಮ್ಮ ಫೋಟೋದಲ್ಲಿ ಹಿನ್ನೆಲೆಯಾಗುತ್ತಾರೆ.

ಗೆರೆಗಳಿಗೆ ತಮ್ಮದೇ ಬಾಯಿ ಇರುತ್ತದೆ. 2018ರ ಜನವರಿಯಲ್ಲಿ, ಇಂಥದೇ ಒಂದು ಓಟದ ಆಪ್ ಪ್ರಕಟಿಸಿದ ನಕ್ಷೆಯಲ್ಲಿ ಸೈನಿಕರು ದಿನವೂ ಓಡಿದ ಗೆರೆಗಳು ಬೆಳಗಿ, ಮರುಭೂಮಿಯ ನಡುವಿನ ಸೇನಾ ನೆಲೆಗಳ ಗುಟ್ಟು ರಟ್ಟಾಗಿತ್ತು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ಕೆಲಕಾಲ ನಿಲ್ಲಿಸಬೇಕಾಯಿತು. ಅಲ್ಲಿ ಗೇಟು ಹಾಕಲು ಅರಣ್ಯ ಇಲಾಖೆಯಾದರೂ ಇದೆ. ಈ ಗೋಮಾಳದ ದಾರಿಗೆ ಇರುವ ಗೇಟು ಕಂಬಳಿ ಹೊದ್ದ ಆ ಒಬ್ಬ ಮನುಷ್ಯ. ಅವರಲ್ಲಿದ್ದ ಬೀಗವೆಂದರೆ ಒಂದು ಮಾತು, ಅದನ್ನೂ ನನ್ನ ಕೈಗೇ ಕೊಟ್ಟರು.

ಬುಧವಾರ ಆ ಸುತ್ತನ್ನು ಆಪ್‌ನಿಂದ ತೆಗೆದುಹಾಕಿದೆ. ಅಷ್ಟರಲ್ಲಿ ಎಷ್ಟು ಜನ ಇಳಿಸಿಕೊಂಡಿದ್ದರೋ. ನಮ್ಮ ಹುಡುಗನಂತೂ ದಾವಣಗೆರೆಯ ತನ್ನ ಗೆಳೆಯರ ಗುಂಪಿಗೆ ಕಳಿಸಿದ್ದ. ನಿನ್ನೆ ಅಲ್ಲಿಂದ ಪರಿಚಯವಿಲ್ಲದವರೊಬ್ಬರ ಸಂದೇಶ ಬಂತು: ಭಾನುವಾರ ಎಂಟು ಜನ ಬರುತ್ತಿದ್ದೇವೆ ಸರ್, ಗಾಡಿ ಎಲ್ಲಿ ನಿಲ್ಲಿಸಬೇಕು? 'ಆ ದಾರಿ ಈಗ ಇಲ್ಲ' ಎಂದು ಟೈಪ್ ಮಾಡಿದೆ. ಇದೂ ಅದೇ ಜಾತಿಯ ಮಾತು ಅನ್ನಿಸಿ ಅಳಿಸಿ, ಫೋನ್ ಮಾಡಿದೆ. ಗಾಜಿನ ವಿಷಯ, ಕುರಿಯ ಗೊರಸು, ಹಿರಿಯರ ಮಾತು, ನಾನು ಹೇಳಿದ ಉತ್ತರ, ಎಲ್ಲವನ್ನೂ ಹೇಳಿದೆ. ಮರ್ಯಾದಸ್ಥ ಹುಡುಗ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಜು ಇರೋದು ಎಷ್ಟನೇ ಕಿಲೋಮೀಟರಲ್ಲಿ ಸರ್?" ಎಂದ.

ಒಂಬತ್ತನೆಯದರಲ್ಲಿ ಎಂದೆ.