ಈಳಿಗೆಯ ತುಕ್ಕು

14 ಜುಲೈ 2025, ಸೋಮವಾರ

"ಅಲಗಿಗೆಲ್ಲ ತುಕ್ಕು ಬಳಿದಿದ್ದೀಯಲ್ಲ, ದಿನಾ ಹೆಚ್ಚುವ ಅಂಚಿಗೆ ತುಕ್ಕು ಎಲ್ಲಿಂದ ಬರುತ್ತೆ?" ನಾನು ಬರೆದ ಈಳಿಗೆಯ ಜಲವರ್ಣ ಚಿತ್ರ ನೋಡಿ ಅತ್ತೆ ಕೇಳಿದ್ದು ಇಷ್ಟೇ. ಸಂಜೆಯಿಂದ ಅದೇ ತಲೆಯಲ್ಲಿ.

ನಿಜ. ತರಕಾರಿ ಉಜ್ಜಿ ಉಜ್ಜಿ ಈಳಿಗೆಯ ಅಂಚು ಬೆಳ್ಳಗೇ ಇರುತ್ತದೆ. ಮೈಗೆ ಬಾಳೆಕಾಯಿಯ ಕರೆ ಹತ್ತಿ ನೀಲಿಗಪ್ಪು. ತುಕ್ಕು ಕೂರುವುದು ನೀರು ನಿಲ್ಲುವಲ್ಲಿ: ಅಲಗು ಮಣೆಗೆ ಸೇರುವ ಬುಡ, ಮೊಳೆಯ ಸುತ್ತ, ಕಾಯಿ ತುರಿಯುವ ಹಲ್ಲುಗಳ ಸಂದಿ. ಹಳೇ ಸಾಮಾನು ಅಂತ ಮೈತುಂಬ ಬರ್ನ್ಟ್ ಸಿಯೆನ್ನಾದ ಕೆಂಗಂದು ಬಣ್ಣ ಸುರಿದರೆ ಗುಜರಿ ತಗಡಾಗುತ್ತದೆ, ಅಡುಗೆಮನೆಯ ಈಳಿಗೆ ಆಗುವುದಿಲ್ಲ.

ಹೊಸ ಹಾಳೆ. 300 ಜಿಎಸ್‌ಎಂ, ಕೋಲ್ಡ್ ಪ್ರೆಸ್, ಅಂದರೆ ದಪ್ಪಗೆ, ಮೈ ತರಿತರಿ ಇರುವ ಕಾಗದ. ಟ್ಯೂಬಿನ ಕಪ್ಪು ಬೇಡ, ಸತ್ತ ಹಾಗೆ ಕಾಣುತ್ತದೆ. ಅಲ್ಟ್ರಾಮರೀನ್ ಅನ್ನುವ ಕಡುನೀಲಿ ಎರಡು ಪಾಲು, ಬರ್ನ್ಟ್ ಸಿಯೆನ್ನಾ ಒಂದು ಪಾಲು. ಅಲ್ಟ್ರಾಮರೀನಿನ ಕಣ ಕಾಗದದ ಗುಳಿಗಳಿಗೆ ಇಳಿದು ಕೂತು ಕುಲುಮೆ ಕಬ್ಬಿಣದ ತರಿ ತಾನಾಗಿ ಬರುತ್ತದೆ. ಒಣಗಿದ ಮೇಲೆ ಬಣ್ಣ ತಿಳಿಯಾಗುವುದರಿಂದ ಮೂರು ಪದರವಾದರೂ ಬೇಕು. ಈ ಮಳೆಯಲ್ಲಿ ಒಂದೊಂದೂ ಒಣಗುವಷ್ಟರಲ್ಲಿ ಸಾಕಾಗುತ್ತದೆ. ಅಂಗೈ ಹಿಂಬದಿ ತಾಗಿಸಿದಾಗ ತಣ್ಣಗಿದ್ದರೆ ಒಳಗಿನ್ನೂ ಒದ್ದೆ. ಆಗಲೇ ಕುಂಚ ಇಟ್ಟರೆ ಹೂಕೋಸಿನ ಹಾಗೆ ಕಲೆ ಎದ್ದುಬಿಡುತ್ತದೆ.

ತುಕ್ಕಿಗೆ ಮಾತ್ರ ಒದ್ದೆ ಬೇಕು. ಕಡೆಯ ಪದರದ ನೀರಿನ ಹೊಳಪು ಆರುತ್ತಿರುವಾಗ ನಾಲ್ಕನೇ ನಂಬರಿನ ಕುಂಚದ ತುದಿಯಲ್ಲಿ ಗಟ್ಟಿ ಬರ್ನ್ಟ್ ಸಿಯೆನ್ನಾ, ಬುಡದಲ್ಲಿ ಮೂರು ಚುಕ್ಕೆ. ಅಷ್ಟೇ. ತಾನೇ ಹರಡಿಕೊಳ್ಳುತ್ತದೆ, ಕೈ ಹಾಕಬಾರದು.

ಅಂಚಿನ ಬಿಳಿ ಕಾಗದದ್ದೇ ಆಗಬೇಕು. ಆಮೇಲೆ ಬಿಳಿ ಬಣ್ಣ ಹಚ್ಚಿದರೆ ಸುಣ್ಣ ಬಳಿದಂತಿರುತ್ತದೆ. ಬಣ್ಣಕ್ಕೆ ಮೊದಲೇ ಒಂದು ಮಿಲಿಮೀಟರ್ ಅಗಲಕ್ಕೆ ಮಾಸ್ಕಿಂಗ್ ಫ್ಲೂಯಿಡ್ (ಕಾಗದಕ್ಕೆ ಬಣ್ಣ ತಾಗದಂತೆ ತಡೆಯುವ ರಬ್ಬರಿನಂಥ ದ್ರವ) ಎಳೆದು, ಎಲ್ಲ ಪೂರ್ತಿ ಒಣಗಿದ ಮೇಲೆ ಅದೇ ದಿನ ಕಿತ್ತರೆ ಒಳ್ಳೆಯದು. ವಾರಗಟ್ಟಲೆ ಬಿಟ್ಟರೆ ಕಾಗದವನ್ನೂ ಕಿತ್ತುಕೊಂಡು ಬರುತ್ತದೆ. ಹೇರ್ ಡ್ರೈಯರ್ ಬಿಸಿಯಂತೂ ಕೂಡದು. ಕಿತ್ತಾಗ ಗೆರೆ ಎರಡೂ ಕಡೆ ಕತ್ತರಿಸಿದಂತೆ ಇರುತ್ತದೆ. ಅಲಗಿನ ಮೈ ಕಡೆ ಒದ್ದೆ ಕುಂಚದಿಂದ ಸವರಿ ಮೆತ್ತಗೆ ಮಾಡಬೇಕು, ಹೊರಗಡೆ ಹರಿತವಾಗಿಯೇ ಬಿಡಬೇಕು. ಉದ್ದಕ್ಕೂ ಬಿಳಿ ಬಿಟ್ಟರೂ ಸುಳ್ಳು. ಬೆಳಕು ಹೊಡೆಯುವುದು ಎರಡೇ ಕಡೆ, ಉಳಿದದ್ದಕ್ಕೆ ನೀರು ನೀರು ಬೂದು.

ಮಣೆ ನಾಳೆ. ಹಲಸಿನ ಮರ. ತಳಕ್ಕೆ ತೆಳು ಹಳದಿಗಂದು ರಾ ಸಿಯೆನ್ನಾ, ಮೇಲೆ ಒಣ ಕುಂಚದಲ್ಲಿ ಕಡುಗಂದು ಬರ್ನ್ಟ್ ಅಂಬರ್‌ನ ಎಳೆ. ಕೂತು ಕೂತು ನುಣುಪಾದ ಜಾಗದಲ್ಲಿ ಎಳೆ ಬೇಡ, ಬರೀ ಮಿರುಗು. ಬೆಳಿಗ್ಗೆ ಹತ್ತರ ನೆರಳಿಗೆ ಪೆನ್ಸಿಲ್ ಗುರುತು ಇದೆ. ಆದರೆ ತುರಿಯುವ ಹಲ್ಲುಗಳ ನೆರಳು ಹಾಕೇ ಇಲ್ಲ, ಅದು ನಾಳೆ ಮೋಡವಿಲ್ಲದಿದ್ದರೆ